ಕೊಂಬಿನ ತುದಿಗೊಂದು ಚೌಕ

ಮೊನ್ನೆ ಗಾಜಿಪುರದ ನಮ್ಮ ಹಳೆಯ ಮನೆಯ ಕಡೆ ಹೋಗಿದ್ದಾಗ ಮೂಲೆಯ ಲೈಟಿನ ಕಂಬಕ್ಕೆ ಕಟ್ಟಿದ ಒಂದು ಶ್ರದ್ಧಾಂಜಲಿ ಬ್ಯಾನರ್ ಕಂಡೆ. ಇಂಥದು ಕಲಬುರಗಿಗೆ ಹೊಸತೇನಲ್ಲ. ನಮ್ಮಲ್ಲಿ ಹುಟ್ಟಿದರೂ ಬ್ಯಾನರ್, ಸತ್ತರೂ ಬ್ಯಾನರ್. ನಡುವೆ ವಾರ್ಡಿನ ಚುನಾವಣೆಗೆ ನಿಂತರೆ ಇನ್ನೂ ದೊಡ್ಡ ಬ್ಯಾನರ್. ನಾನು ಸ್ಕೂಟಿ ನಿಲ್ಲಿಸಿದ್ದು ಸತ್ತವರ ಪರಿಚಯವಿತ್ತೆಂದಲ್ಲ, ಅಕ್ಷರದ ಪರಿಚಯವಿತ್ತೆಂದು. ‘ಭಾವಪೂರ್ಣ ಶ್ರದ್ಧಾಂಜಲಿ’ ಎಂಬೆರಡು ಪದಗಳು ನಾನು ಮಾಡಿದ ಅಕ್ಷರದಲ್ಲಿ, ಅಂದರೆ ನನ್ನ ಫಾಂಟಿನಲ್ಲಿದ್ದವು. ದಪ್ಪ ದಪ್ಪ ಚೌಕಗಳನ್ನು ಒಂದರ ಪಕ್ಕ ಒಂದು ಜೋಡಿಸಿದ, ಹಳೆಯ ವಿಡಿಯೋ ಗೇಮಿನ ಕಪ್ಪು ಪರದೆಯ ಮೇಲೆ ಮಿಣಿಮಿಣಿ ಎನ್ನುತ್ತಿದ್ದಂಥ ಅಕ್ಷರ ಅದು. ಮೇಲೆ ತಲೆಗೆ ಪಟಗ ಸುತ್ತಿದ ಹಿರಿಯರ ಗಂಭೀರ ಮುಖ. ಕೆಳಗೆ, ಆಟ ಮುಗಿಯಿತು, ಇನ್ನೊಂದು ನಾಣ್ಯ ಹಾಕಿ ಎನ್ನುವಂಥ ಅಕ್ಷರ.

ಬ್ಯಾನರಿನ ಮೂಲೆಯಲ್ಲಿ ಖಾಜಾ ಭಾಯಿಯ ಅಂಗಡಿಯ ಹೆಸರಿತ್ತು. ಎರಡು ಗಲ್ಲಿ ದಾಟಿದರೆ ಅವರ ಫ್ಲೆಕ್ಸ್ ಅಂಗಡಿ. ಅಕ್ಷರ ಇನ್ನೂ ಅರ್ಧ ಆಗಿದ್ದಾಗ, ಮುದ್ರಿಸಿ ನೋಡಲಿ ಎಂದು ಅವರಿಗೊಂದು ಪ್ರತಿ ಕೊಟ್ಟಿದ್ದೆ. ಅವರು ನೋಡಲಿಲ್ಲ, ನೇರವಾಗಿ ಊರಿಗೆಲ್ಲ ಹಂಚಿಬಿಟ್ಟರು.

“ಭಾಯಿ, ಅದು ಆಟದ ಅಕ್ಷರ. ಸತ್ತವರಿಗೆ ಹಾಕೂದೇನ್ರಿ?” ಎಂದೆ, ಅವರ ಅಂಗಡಿಗೆ ಹೋಗಿ.

ಖಾಜಾ ಭಾಯಿ ಕಂಪ್ಯೂಟರಿನಿಂದ ಕಣ್ಣು ತೆಗೆಯಲಿಲ್ಲ. “ನಾ ಹಾಕಿಲ್ರಿ ಮೇಡಂ. ಅವರ ಮಗನೇ ಆರಿಸ್ಯಾನ. ಹದಿನೆಂಟು ನಮೂನಿ ಅಕ್ಷರ ತೋರ್ಸೀನಿ. ‘ನಮ್ಮಪ್ಪ ಭಾಳ ಮಜಬೂತ್ ಮನಷ್ಯಾ ಇದ್ದ, ಇದೇ ಹಾಕ್ರಿ’ ಅಂದ. ಈಗ ನಾ ಏನಂತ ಹೇಳ್ಲಿ? ನಿಮ್ಮಪ್ಪ ಮಜಬೂತ್ ಇದ್ದಿಲ್ಲ ಅನ್ಲೇನು?”

ಹೊರಗೆ ಬಂದು ಸ್ಕೂಟಿ ಹತ್ತಿದಾಗ ಒಂದು ವಿಚಿತ್ರ ಹಿಗ್ಗು ಮೈತುಂಬ ಹರಿಯಿತು. ಯಾರದೋ ಸಾವಿನಲ್ಲಿ ಹಿಗ್ಗುವುದು ಒಳ್ಳೆಯ ನಡತೆಯಲ್ಲ, ಗೊತ್ತು. ಆದರೂ ಅಕ್ಷರ ಮಾಡುವವರ ಹಣೆಬರಹವೇ ಹೀಗೆ. ಅಡುಗೆ ಮಾಡಿದವರು ಉಂಡವರ ಮುಖ ನೋಡಬಹುದು. ನಾವು ಮಾಡಿದ್ದು ಯಾರ ಮನೆಯ ಮದುವೆಗೆ, ಯಾರ ಗಿರಣಿಯ ಬೋರ್ಡಿಗೆ, ಯಾರ ಟೀ ಶರ್ಟಿನ ಬೆನ್ನಿಗೆ ಹೋಗಿ ಕೂಡುತ್ತದೋ ನಮಗೇ ಗೊತ್ತಿರುವುದಿಲ್ಲ. ನಮ್ಮ ಅಕ್ಷರ ಈಗಾಗಲೇ ನೆಹರು ಗಂಜ್ ಮಾರುಕಟ್ಟೆಯ ಒಂದು ದಾಲ್ ಮಿಲ್ಲಿನ ಗೋಣಿಚೀಲದ ಮೇಲಿದೆ. ಜೇವರ್ಗಿ ಕಾಲೋನಿಯಲ್ಲಿ ನಮ್ಮ ಮನೆಯ ಹಿಂದಿನ ಜಿಮ್ಮಿನ ಗೋಡೆಯ ಮೇಲಿದೆ. ಏಪ್ರಿಲ್ ತಿಂಗಳ ಜಯಂತಿಯ ನೀಲಿ ಬ್ಯಾನರಿನಲ್ಲಿ ಆಳೆತ್ತರ ನಿಂತಿತ್ತು. ಆವತ್ತು ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಂಡೆ. ಒಬ್ಬ ದಂತವೈದ್ಯರೂ ಬೋರ್ಡಿಗೆ ಬಳಸಿದ್ದಾರೆ. ಚೌಕ ಚೌಕ ಇರುವುದರಿಂದ ಹಲ್ಲು ಸಾಲಾಗಿ ಕೂತಂತೆ ಕಾಣುತ್ತದಂತೆ. ಇಂಥ ಉಪಯೋಗವನ್ನು ನಾನು ಏಳು ಜನ್ಮ ಎತ್ತಿದರೂ ಯೋಚಿಸುತ್ತಿರಲಿಲ್ಲ.

ಅಕ್ಷರದ ಹೆಸರು ‘ಫರ್ಸಿ’. ನಮ್ಮ ಕಡೆ ನೆಲಕ್ಕೆ ಹಾಸುವ ಚೌಕಾಕಾರದ ಶಾಬಾದ್ ಕಲ್ಲಿಗೆ ಫರ್ಸಿ ಎನ್ನುತ್ತೇವೆ. ಎರಡು ಕಡೆ ಭಾಷಣಕ್ಕೆ ಕರೆದಿದ್ದರು. ಅಲ್ಲಿ ನಾನು, ಚಿಕ್ಕಂದಿನಲ್ಲಿ ಗಾಜಿಪುರದ ಮನೆಯ ಫರ್ಸಿಯ ಮೇಲೆ ಸೀಮೆಸುಣ್ಣದಿಂದ ಕಲ್ಲಿಗೊಂದು ಚುಕ್ಕಿ ಇಡುತ್ತ ಅಕ್ಷರ ಕಟ್ಟುತ್ತಿದ್ದೆ ಎಂದು ಹೇಳಿದೆ. ಜನ ಚಪ್ಪಾಳೆ ತಟ್ಟಿದರು. ಆಮೇಲೆ ಮನೆಗೆ ಬಂದು ಯೋಚಿಸಿದಾಗ ನೆನಪಾಯಿತು: ಗಾಜಿಪುರದ ಮನೆಗೆ ಫರ್ಸಿ ಹಾಕಿಸಿದ್ದು ನಾನು ಪಿಯುಸಿಗೆ ಬಂದ ಮೇಲೆ. ಅದಕ್ಕಿಂತ ಮುಂಚೆ ಇದ್ದದ್ದು ಬಿರುಕು ಬಿಟ್ಟ ಸಿಮೆಂಟಿನ ನೆಲ. ಆ ಬಿರುಕಿನ ಮೇಲೆ ಯಾವ ಚೌಕವನ್ನೂ ಯಾವ ದೇವರೂ ಕಟ್ಟಲಾರ. ಆದರೆ ನೋಡಿ, ಈಗಲೂ ಕಣ್ಣು ಮುಚ್ಚಿದರೆ ಆ ಕಲ್ಲಿನ ತಂಪು ನನ್ನ ಮೊಣಕಾಲಿಗೆ ತಾಗುತ್ತದೆ. ಇಲ್ಲದ ಕಲ್ಲಿನ ತಂಪು. ಹಾಗಾಗಿ ಇಲ್ಲಿಂದ ಮುಂದೆ ನಾನು ‘ನೆನಪಿದೆ’ ಎಂದಾಗಲೆಲ್ಲ ನೀವು ಸ್ವಲ್ಪ ಉಪ್ಪು ಬೆರೆಸಿಕೊಂಡೇ ಕೇಳಬೇಕು.

ಚೌಕ ಎಲ್ಲಿಂದ ಬಂತು ಎನ್ನುವುದಕ್ಕೆ ನಂಬಬಹುದಾದ ಕಾರಣ ಒಂದೇ. ನನಗೆ ದುಂಡು ಬರುತ್ತಿರಲಿಲ್ಲ. ಕನ್ನಡದ ಅಕ್ಷರ ಮುತ್ತು ಪೋಣಿಸಿದ ಹಾಗಿರಬೇಕು ಎಂದು ಶಾಲೆಯಲ್ಲಿ ಹೇಳುತ್ತಿದ್ದರು. ನನ್ನ ಮುತ್ತುಗಳು ಒಡೆದ ಕಡಲೆಬೇಳೆಯ ಹಾಗಿರುತ್ತಿದ್ದವು. ಕಾಪಿ ಪುಸ್ತಕ ತುಂಬ ಕೆಂಪು ಶಾಯಿ. ಆ ಸಿಟ್ಟು ನಲವತ್ತು ವರ್ಷ ಹೊಟ್ಟೆಯಲ್ಲಿ ಕೂತು, ಕನ್ನಡಕ್ಕೆ ದುಂಡೇ ಯಾಕೆ ಬೇಕು ಎಂಬ ವಾದವಾಗಿ ಹೊರಬಂತು. ಅದನ್ನು ನಾನು ಪ್ರಯೋಗ ಎಂದು ಕರೆದುಕೊಂಡೆ. ಬರಲಾರದ್ದಕ್ಕೆ ಪ್ರಯೋಗ ಎನ್ನುವ ಸೌಲಭ್ಯ ಕಲೆಯಲ್ಲಿ ಮಾತ್ರ ಇದೆ; ರೊಟ್ಟಿ ಬಡಿಯುವಲ್ಲಿ ಇಲ್ಲ.

ಇನ್ನು ವಿಡಿಯೋ ಗೇಮು. ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಒಂದು ಕತ್ತಲೆ ಕೋಣೆ ಇತ್ತು, ಅದರಲ್ಲಿ ನಾಲ್ಕು ಪೆಟ್ಟಿಗೆಗಳು. ತಮ್ಮ ಸಂಜು ಅಲ್ಲಿಗೆ ಹೋಗುತ್ತಿದ್ದ. ಅವನೊಬ್ಬನೇ ಹೋಗಬಾರದೆಂದು ಅವ್ವ ನನ್ನನ್ನು ಜೊತೆಗೆ ಕಳಿಸುತ್ತಿದ್ದಳು. ಹುಡುಗಿಯರು ಆಡುವ ಜಾಗವಲ್ಲ ಅದು. ನಾನು ಅವನ ಬೆನ್ನ ಹಿಂದೆ ನಿಲ್ಲುತ್ತಿದ್ದೆ. ಆಡುವವರಿಗೆ ಅಕ್ಷರ ನೋಡಲು ಪುರುಸೊತ್ತಿಲ್ಲ. ನಿಂತವಳಿಗೆ ಅದೇ ಕೆಲಸ. ಆಟ ಮುಗಿದ ಮೇಲೆ, ಹೆಚ್ಚು ಅಂಕ ಬಂದಿದ್ದರೆ, ಹೆಸರು ಹಾಕಲು ಪರದೆ ಮೂರು ಮನೆ ಕೊಡುತ್ತಿತ್ತು. ಮೂರೇ ಮೂರು ಇಂಗ್ಲಿಷ್ ಅಕ್ಷರ. ಒಂದು ದಿನ ಸಂಜು, “ಅಕ್ಕಾ, ನಿನ್ನ ಹೆಸರು ಹಾಕ್ಲಿ?” ಎಂದ. ನನ್ನ ಹೆಸರು ಮಲ್ಲಮ್ಮ. ಮೂರು ಮನೆಯಲ್ಲಿ ಅದು ‘ಮಾಲ್’ ಎಂದಾಯಿತು. ಹಿಂದೆ ನಿಂತ ಹುಡುಗರು ನಕ್ಕರು. ನನ್ನ ಹೆಸರು ಕನ್ನಡದಲ್ಲಿ ಎಷ್ಟು ಮನೆ ಬೇಡುತ್ತದೆ, ಒತ್ತಕ್ಷರವನ್ನು ಯಾವ ಮನೆಯಲ್ಲಿ ಕೂಡಿಸುವುದು ಎಂದು ಆವತ್ತೇ ಎಣಿಸಲು ಶುರು ಮಾಡಿದೆ ಅಂತ ಹೇಳಬಹುದು. ಹೇಳುವುದಿಲ್ಲ. ಆವತ್ತು ನಾನು ಬಹುಶಃ ಅತ್ತೆ, ಅಷ್ಟೇ.

ಅಂತೂ ಮೂರು ವರ್ಷದ ಹಿಂದೆ ಫರ್ಸಿಗೆ ಕೈ ಹಾಕಿದೆ. ಅಲ್ಲಿಂದ ಅದು ನನ್ನನ್ನು ಕಮಲಾಪುರಕ್ಕೆ ಎಳೆದುಕೊಂಡು ಹೋಗುತ್ತದೆ ಎಂದು ಮಾತ್ರ ಅಂದುಕೊಂಡಿರಲಿಲ್ಲ.

ಕಮಲಾಪುರದ ಕೆಂಪು ಬಾಳೆಹಣ್ಣು ನಿಮಗೆ ಗೊತ್ತೇ ಇದೆ. ಅಲ್ಲಿನ ಕೆಲವು ರೈತರು ಹಣ್ಣನ್ನು ಡಬ್ಬಿಯಲ್ಲಿಟ್ಟು ದೂರ ಕಳಿಸುತ್ತಾರೆ. ಆ ಡಬ್ಬಿಯ ಮೇಲೆ ‘ಕಮಲಾಪುರ’ ಎಂದು ಫರ್ಸಿಯಲ್ಲಿ ಬರೆದು ಕೊಟ್ಟಿದ್ದೆ. ಆರು ತಿಂಗಳ ಮೇಲೆ ಒಂದು ಫೋನ್ ಬಂತು.

“ಅಕ್ಕಾರ, ಬಾಳಿಹಣ್ಣಿನ ಡಬ್ಬಿ ಮ್ಯಾಲ ಕಮಲಾಪುರ ಅಂತ ಬರ್ದೋರು ನೀವೇ ಏನ್ರಿ?”

“ಹೌದ್ರಿ. ತಾವು ಯಾರು?”

“ನಾ ಇಲ್ಲಿ ಸರ್ಕಾರಿ ಸಾಲಿ ಪಿಟಿ ಟೀಚರ್ ಶರಣಮ್ಮ. ಡಬ್ಬಿ ಮ್ಯಾಲಿನ ಚೌಕ ಎಲ್ಲಾ ಎಣಿಸೀನ್ರಿ. ನೂರಾ ನಲವತ್ತೊಂಬತ್ತು ಅವ. ನಮ್ಮ ಸಾಲ್ಯಾಗ ಮಕ್ಕಳು ನೂರಾ ಮೂವತ್ತೆರಡು ಅದಾರ. ಹದಿನೇಳು ಚೌಕ ಕಡಿಮಿ ಮಾಡಿ ಕೊಡ್ರಿ.”

ಅಕ್ಷರ ಚಂದ ಇದೆ ಎಂದವರಿದ್ದಾರೆ, ಓದಲು ಬರುವುದಿಲ್ಲ ಎಂದವರಿದ್ದಾರೆ. ಎಣಿಸಿದವರು ಇವರೊಬ್ಬರೇ. ಫೋನ್ ಹಿಡಿದು ಕುರ್ಚಿಯ ಮೇಲೆ ಕೂತೆ.

ವಿಷಯ ಇಷ್ಟು. ಶಾಲೆಯ ವಾರ್ಷಿಕೋತ್ಸವಕ್ಕೆ ಮಕ್ಕಳೆಲ್ಲ ಮೈದಾನದಲ್ಲಿ ಕೂತು ಊರಿನ ಹೆಸರು ಆಗಬೇಕು. ಒಂದು ಚೌಕಕ್ಕೆ ಒಂದು ಮಗು. ಮದುವೆಯ ಫೋಟೋ ತೆಗೆಯುವವರೊಬ್ಬರು ಡ್ರೋನ್ ತಂದು ಮೇಲಿಂದ ಫೋಟೋ ತೆಗೆಯಲು ಒಪ್ಪಿದ್ದಾರೆ. ಆ ಫೋಟೋ ಶಾಲೆಯ ಗೋಡೆಗೆ ಹೋಗುತ್ತದೆ. ಶರಣಮ್ಮ ಟೀಚರದ್ದು ಒಂದೇ ಕರಾರು: ಶಾಲೆಯ ಹಾಜರಿ ಪುಸ್ತಕದಲ್ಲಿರುವ ಒಂದು ಮಗುವೂ ಅಕ್ಷರದ ಹೊರಗೆ ಉಳಿಯಬಾರದು.

ನನಗೆ ಇದು ಹೊಸತಲ್ಲ. ನಾನೂ ಕಲಬುರಗಿಯ ಶಾಲೆಯ ಮೈದಾನದಲ್ಲಿ ಹೀಗೆಯೇ ಅಕ್ಷರವಾಗಿ ಕೂತವಳು. ಸುಣ್ಣದ ಗೆರೆ, ಬಿಳಿ ಸಮವಸ್ತ್ರ, ಉದ್ದಕ್ಕೆ ಹಬ್ಬಿದ ನಮ್ಮ ಅಕ್ಷರ. ಮೇಲಿಂದ ನೋಡಿದರೆ ಎಷ್ಟು ಚಂದ ಕಾಣುತ್ತಿತ್ತು! ಇದನ್ನು ಆ ರಾತ್ರಿ ಸಂಜುಗೆ ಫೋನಿನಲ್ಲಿ ವರ್ಣಿಸುತ್ತಿದ್ದೆ. ಅವನು ಈಗ ಬೀದರಿನಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದಾನೆ, ನನ್ನ ಎಲ್ಲ ನೆನಪುಗಳನ್ನೂ ಹರಿದ ನೋಟಿನ ಹಾಗೆ ಬೆಳಕಿಗೆ ಹಿಡಿದು ನೋಡುತ್ತಾನೆ.

“ಅಕ್ಕಾ, ನೀ ಅಕ್ಷರದಾಗ ಕುಂತಿದ್ದಿ ಅಂತಿ. ಮ್ಯಾಲಿಂದ ಹ್ಯಾಂಗ ಕಂಡ್ತು ನಿನಗ?”

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

“ಮತ್ತ ನೀ ಅದರಾಗ ಇದ್ದಿದ್ದಿಲ್ಲ. ಸ್ಟೇಜಿನ ಮ್ಯಾಲ ಅತಿಥಿಗಳಿಗೆ ನೀರು ಕೊಡೂ ಹುಡ್ಗ್ಯಾರ ಜೋಡಿ ಇದ್ದಿ. ನಾ ಇದ್ದೆ ಅಕ್ಷರದಾಗ. ನನ್ನ ಕುಂಡಿ ಸುಟ್ಟು ಬೊಬ್ಬಿ ಬಂದಿದ್ದವು, ಮರ್ತೀಯೇನು?”

ಅವನ ಮಾತೂ ಖರೆ ಇರಲಾರದು. ಅವನಿಗೆ ಆಗ ಐದು ವರ್ಷ. ಹೀಗೆ ಒಂದು ಮೈದಾನ, ಒಂದು ಅಕ್ಷರ, ಅದರೊಳಗೆ ಇದ್ದೆವೋ ಇಲ್ಲವೋ ಗೊತ್ತಿಲ್ಲದ ಇಬ್ಬರು. ಈ ವಿಷಯವನ್ನು ಇಲ್ಲಿಗೇ ಬಿಡುತ್ತೇನೆ. ಎಳೆದರೆ ಅದು ಒಂದು ಒಳ್ಳೆಯ ಕಥೆಯಾಗುವ ಅಪಾಯವಿದೆ.

ಹದಿನೇಳು ಚೌಕ ತೆಗೆಯಲು ಮೂರು ವಾರ ಹಿಡಿಯಿತು. ನಗಬೇಡಿ. ತುಂಬಿದ ಬಸ್ಸಿನಿಂದ ಒಬ್ಬರನ್ನು ಇಳಿಸಿದ ಹಾಗೆ ಅದು. ಒಬ್ಬರು ಇಳಿದರೆ ಉಳಿದವರೆಲ್ಲ ಸರಿದು ಕೂಡುತ್ತಾರೆ. ‘ಮ’ದ ಹೊಟ್ಟೆಯಿಂದ ಎರಡು ಚೌಕ ತೆಗೆದರೆ ಅದು ‘ವ’ದ ಹಾಗೆ ಮುಖ ಮಾಡಿತು. ‘ಲಾ’ದ ದೀರ್ಘ ಮೊಟಕಾಯಿತು. ‘ರ’ ಒಂದೇ ಬಡಪಾಯಿ, ಹೇಗೆ ಹಿಂಡಿದರೂ ತಕರಾರಿಲ್ಲ. ಕಡೆಗೆ ಒಂದು ಬೆಳಗಿನ ಚಹಾದ ಹೊತ್ತಿಗೆ ಐದೂ ಅಕ್ಷರಗಳು ನೂರಾ ಮೂವತ್ತೆರಡಕ್ಕೆ ಬಂದು ನಿಂತವು. ನಿಂತದ್ದಷ್ಟೇ ಅಲ್ಲ, ಹಿಂದಿಗಿಂತ ಎಷ್ಟೋ ಪಾಲು ಗಟ್ಟಿಯಾಗಿದ್ದವು. ಎಲ್ಲೂ ಒಂದು ಚೌಕ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ‘ಪು’ವಿನ ಕೊಂಬು ಕೆಳಗಿಳಿದು, ಬಲಕ್ಕೆ ತಿರುಗಿ, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಿತ್ತು. ನನ್ನ ಜೀವನದಲ್ಲಿ ನಾನು ಮಾಡಿದ ಅತ್ಯಂತ ಸರಿಯಾದ ವಸ್ತು ಆ ಕೊಂಬು. ಇಡೀ ಫರ್ಸಿಯನ್ನು ಅದೇ ಅಳತೆಗೆ ತಿದ್ದಿ, ವಾರ್ಷಿಕೋತ್ಸವ ಆದ ಕೂಡಲೇ ಎಲ್ಲರಿಗೂ ಬಿಡುವುದೆಂದು ನಿಶ್ಚಯಿಸಿದೆ. ಚಹಾ ಆರಿಹೋಗಿತ್ತು. ಆರಿದ ಚಹಾ ಅಷ್ಟು ರುಚಿಯಾಗಿ ಎಂದೂ ಕುಡಿದಿಲ್ಲ.

ಮೊದಲ ತಾಲೀಮಿಗೆ ಬಸ್ ಹಿಡಿದು ಹೋದೆ. ದಾರಿಯುದ್ದಕ್ಕೂ ಹುಮ್ನಾಬಾದ್ ರಸ್ತೆ ಅಗಲ ಮಾಡುವ ಕೆಲಸ ನಡೆದಿತ್ತು, ಬಸ್ಸು ಎತ್ತಿನಗಾಡಿಯ ಹಾಗೆ ಹೋಯಿತು. ಶರಣಮ್ಮ ಟೀಚರ್ ಕೆಂಪು ನೆಲದ ಮೈದಾನದಲ್ಲಿ ಹಗ್ಗ ಹಿಡಿದು ಸುಣ್ಣದ ಮನೆಗಳನ್ನು ಹಾಕಿಸಿದ್ದರು. ಕೊರಳಲ್ಲಿ ಸೀಟಿ, ಸೀರೆಯ ಕೆಳಗೆ ಕ್ಯಾನ್ವಾಸ್ ಬೂಟು. ನಾನು ಶಾಲೆಯ ಮಾಳಿಗೆ ಹತ್ತಿ ನಿಂತೆ. ಸೀಟಿ ಊದಿದರು. ಮಕ್ಕಳು ಓಡಿಬಂದು ಕೂತರು. ನನ್ನ ಐದು ಅಕ್ಷರಗಳು ನೆಲದ ಮೇಲೆ ಉಸಿರಾಡತೊಡಗಿದವು.

ಹತ್ತು ನಿಮಿಷ ಕಳೆಯಿತು. ‘ಕ’ ಸ್ವಲ್ಪ ವಾಲಿದಂತೆ ಕಂಡಿತು. ಆಮೇಲೆ ‘ಮ’. ಕಣ್ಣು ಉಜ್ಜಿಕೊಂಡೆ. ಅಕ್ಷರಗಳೆಲ್ಲ ಒಂದೇ ದಿಕ್ಕಿಗೆ ಓರೆಯಾಗುತ್ತಿದ್ದವು. ಮೈದಾನದ ಪಕ್ಕದಲ್ಲಿ ಒಂದು ದೊಡ್ಡ ಬೇವಿನ ಮರ. ಅದರ ನೆರಳು ಸರಿದಂತೆ ಮಕ್ಕಳು ಕೂತಲ್ಲೇ ಗೇಣು ಗೇಣು ನೆರಳಿನ ಕಡೆ ಜರುಗುತ್ತಿದ್ದರು. ಯಾರೂ ಎದ್ದಿಲ್ಲ, ಯಾರೂ ನಿಯಮ ಮುರಿದಿಲ್ಲ. ಇನ್ನು ಹತ್ತು ನಿಮಿಷಕ್ಕೆ ಇಡೀ ಕಮಲಾಪುರ ಬೇವಿನ ಬುಡದಲ್ಲಿ ಗುಂಪಾಗಿ ಕೂತಿತ್ತು.

“ನಮ್ಮ ಬಿಸಿಲಿನಾಗ ಅಕ್ಷರ ಬೆಣ್ಣಿ ಕರಗಿದಂಗ ಕರಗ್ತಾವ್ರಿ ಅಕ್ಕಾರ!” ಎಂದು ಶರಣಮ್ಮ ಟೀಚರ್ ಕೆಳಗಿನಿಂದ ಕೂಗಿದರು. ಮಕ್ಕಳನ್ನು ಬೈಯಲಿಲ್ಲ. ಸೊಂಟದ ಮೇಲೆ ಕೈಯಿಟ್ಟು ಬೇವಿನ ನೆರಳನ್ನು ಅಳೆದರು. ಆಮೇಲೆ, “ಲೇ, ಎಲ್ಲಾರೂ ನಿಮ್ಮ ನಿಮ್ಮ ಊಟದ ತಾಟು ತರ್ರಿ!” ಎಂದರು.

ಬಿಸಿಯೂಟದ ಸ್ಟೀಲ್ ತಾಟುಗಳು ಬಂದವು. ತಲೆಯ ಮೇಲೆ ಬೋರಲು ಹಾಕಿಕೊಂಡು ಕೂತರು. ಪ್ರತಿಯೊಬ್ಬರಿಗೂ ಅವರವರ ನೆರಳು. ನಾನು ಮಾಳಿಗೆಯ ಅಂಚಿಗೆ ಬಂದು ಬಗ್ಗಿ ನೋಡಿದೆ. ನೂರಾ ಮೂವತ್ತೆರಡು ತಾಟು ಬಿಸಿಲಿಗೆ ಝಗ್ ಎಂದವು. ಯಾವ ಕತ್ತಲೆ ಕೋಣೆಯ ಯಾವ ಪರದೆಯೂ ಹೀಗೆ ಹೊಳೆದಿರಲಿಲ್ಲ. ಚೌಕಕ್ಕಾಗಿ ಇಷ್ಟು ವರ್ಷ ಜಗಳಾಡಿದ ನನ್ನ ಅಕ್ಷರ ಕಡೆಗೂ ದುಂಡು ತಾಟುಗಳಲ್ಲಿ ಮೂಡಿತ್ತು. ಕಾಪಿ ಪುಸ್ತಕದ ಕೆಂಪು ಶಾಯಿಯವರು ಎಲ್ಲಿದ್ದರೂ ನಗುತ್ತಿರಬೇಕು. ನಗಲಿ. ಆ ಹೊತ್ತಿನಲ್ಲಿ ನಾನು ಕಲಬುರಗಿ ಜಿಲ್ಲೆಯ ಅತ್ಯಂತ ಜಂಬದ ಹೆಂಗಸು.

ಜಂಬ ನಾಲ್ಕು ದಿನ ಉಳಿಯಿತು. ವಾರ್ಷಿಕೋತ್ಸವಕ್ಕೆ ಎರಡು ದಿನವಿರುವಾಗ ಕೊನೆಯ ತಾಲೀಮಿಗೆ ಹೋದೆ. ಶರಣಮ್ಮ ಟೀಚರ್ ಗೇಟಿನಲ್ಲೇ ಕಾಯುತ್ತಿದ್ದರು.

“ಅಕ್ಕಾರ, ಒಂದು ಪೋರಿ ಹೆಚ್ಚಾಗ್ಯಾಳ್ರಿ. ನಿನ್ನೆ ಹೆಸರು ಹಚ್ಚೀವಿ. ಒಂದು ಚೌಕ ಕೂಡಿಸ್ರಿ.”

ಅವರ ಪಕ್ಕದಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು ತಾಟನ್ನು ಎದೆಗೆ ಅವುಚಿಕೊಂಡು ನಿಂತಿದ್ದಳು. ಹೆಸರು ರೇಣುಕಾ, ನಾಲ್ಕನೇ ತರಗತಿ. ಅಪ್ಪ ಅವ್ವ ಇಬ್ಬರೂ ರಸ್ತೆ ಕೆಲಸದವರು. ರಸ್ತೆ ಎಲ್ಲಿವರೆಗೆ ಬಂತೋ ಅಲ್ಲಿ ಅವರ ತಾಡಪತ್ರಿಯ ಮನೆ.

“ಎಷ್ಟು ದಿನ ಇರ್ತೀಯವ್ವ ಇಲ್ಲಿ?” ಎಂದೆ.

“ರಸ್ತಾ ಮುಂದ ಹೋಗೂತನಕ್ರಿ,” ಎಂದಳು. “ಈ ವರ್ಷ ಇದು ಮೂರ್ನೇ ಸಾಲಿ ಅದ್ರಿ.”

ನಾನು ಶರಣಮ್ಮ ಟೀಚರನ್ನು ಪಕ್ಕಕ್ಕೆ ಕರೆದೆ. ಒಂದು ಚೌಕ ಎಂದರೆ ಸುಮ್ಮನೆ ಅಲ್ಲ ಎಂದೆ. ಎಲ್ಲಿ ಇಟ್ಟರೂ ಅದು ಗಾಯದ ಹಾಗೆ ಕಾಣುತ್ತದೆ ಎಂದೆ. ಹುಡುಗಿ ಬೇಕಾದರೆ ಅತಿಥಿಗಳಿಗೆ ಹೂವು ಕೊಡಲಿ ಎಂದೆ.

“ಹೂವು ಕೊಡಾಕ ಹೆಡ್ ಮಾಸ್ತರ್ ಅದಾರ್ರಿ. ಅವರಿಗೆ ಬ್ಯಾರೆ ಏನ್ ಕೆಲಸ?”

“ಯಾರಾದ್ರೂ ಒಬ್ಬರು ಆವತ್ತು ತಪ್ಪಿಸೇ ತಪ್ಪಿಸ್ತಾರ. ಅವರ ಜಾಗದಾಗ ಕುಂಡ್ರಿಸ್ರಿ.”

“ತಪ್ಪಿಸಿದ್ರ ತಪ್ಪಿಸಲಿ. ಆ ಜಾಗ ಅವರದು. ಖಾಲಿ ಇಡ್ತೀನಿ, ಮಂದೀಗಿ ಕೊಡಂಗಿಲ್ಲ.”

“ಹಂಗಾದ್ರ ಹೆಸರಿನ ಕೊನೀಗಿ ಒಂದು ಚುಕ್ಕಿ ಇಡೋಣ್ರಿ, ಪೂರ್ಣವಿರಾಮದಂಗ. ಅಲ್ಲಿ ಕುಂಡ್ರಲಿ.”

ಶರಣಮ್ಮ ಟೀಚರ್ ಸೀಟಿಯ ದಾರವನ್ನು ಬೆರಳಿಗೆ ಸುತ್ತುತ್ತ ನನ್ನನ್ನೇ ನೋಡಿದರು. “ಊರ ಹೆಸರು ಬರ್ದು ಯಾರರ ಪೂರ್ಣವಿರಾಮ ಹಾಕ್ತಾರೇನ್ರಿ ಅಕ್ಕಾರ? ಆ ಪೋರಿ ಫೋಟೋ ನೋಡಿ, ನಾ ಎಲ್ಲಿ ಅಂತ ಕೇಳಿದ್ರ, ನೀ ಊರ ಹೊರಗಿನ ಚುಕ್ಕಿ ಅಂತ ನೀವೇ ಹೇಳ್ರಿ. ನನ್ನ ಬಾಯಿಲೆ ಆಗಂಗಿಲ್ಲ.”

ಈಗ ನೀವು ಅಂದುಕೊಳ್ಳುತ್ತಿರಬಹುದು: ನೀರು ಕೊಡುವ ಹುಡುಗಿಯರ ಜೊತೆ ನಿಂತ ತನ್ನ ಬಾಲ್ಯ ನೆನಪಾಗಿ ಇವಳ ಮನಸ್ಸು ಕರಗಿತು ಎಂದು. ಹಾಗಾಗಿದ್ದರೆ ಬರೆಯಲು ಎಷ್ಟು ಸಲೀಸಾಗುತ್ತಿತ್ತು! ಹಾಗಾಗಲಿಲ್ಲ. ನಾನು ಸಿಟ್ಟಾದೆ. ಮೂರು ವಾರದ ಕೆಲಸ, ಮೂರು ವರ್ಷದ ಅಕ್ಷರ. ಬೇವಿನ ಕಟ್ಟೆಯ ಮೇಲೆ ಹೋಗಿ ಕೂತು ಲ್ಯಾಪ್‌ಟಾಪ್ ತೆರೆದೆ, ಸಾಧ್ಯವೇ ಇಲ್ಲವೆಂದು ಅವರಿಗೆ ತೋರಿಸಿಯೇ ಬಿಡುತ್ತೇನೆಂದು.

ರೇಣುಕಾ ಹಿಂದೆಯೇ ಬಂದು ಪಕ್ಕದಲ್ಲಿ ನಿಂತಳು. ‘ಕ’ದ ತಲೆಯ ಮೇಲೆ ಒಂದು ಚೌಕ ಇಟ್ಟು ತೋರಿಸಿದೆ. “ಕ್ವಾಡು ಬಂದಂಗ ಕಾಣ್ತದ್ರಿ,” ಎಂದಳು. ‘ಮ’ದ ಒಳಗೆ ಇಟ್ಟೆ. “ಅಲ್ಲಿ ಉಸಿರು ಕಟ್ತದ್ರಿ.” ‘ಲಾ’ದ ಕೆಳಗೆ ಇಟ್ಟೆ. ಅವಳು ಮೂಗು ಮುರಿದಳು. ಹುಡುಗಿಯ ಕಣ್ಣು ನನ್ನ ಕಣ್ಣಿಗಿಂತ ಚುರುಕಾಗಿತ್ತು ಎಂದು ಒಪ್ಪಿಕೊಳ್ಳಲು ನನಗೀಗ ಸಂಕೋಚವಿಲ್ಲ, ಆಗ ಇತ್ತು.

ಕಡೆಗೆ ‘ಪು’ವಿನ ಕೊಂಬು ಉಳಿಯಿತು, ನಾನು ಮುಟ್ಟಲೊಲ್ಲದ ಕೊಂಬು. ಅದರ ತುದಿಯಲ್ಲಿ, ಒಂದು ಮನೆ ಮೇಲಕ್ಕೆ, ಚೌಕ ಇಟ್ಟೆ. ಕೊಂಬು ಬಾಲ ಎತ್ತಿತು. ಗೌರವದಿಂದ ನಿಂತಿದ್ದ ಅಕ್ಷರ ಕಟ್ಟು ಬಿಚ್ಚಿದ ಕರುವಿನ ಹಾಗೆ ಓಡಲು ಸಿದ್ಧವಾಯಿತು.

“ಇದು ಹೊಂಟದ್ರಿ,” ಎಂದಳು ರೇಣುಕಾ.

“ಎಲ್ಲಿಗೆ?”

“ಏನೋ ಗೊತ್ತಿಲ್ರಿ. ಆದ್ರ ಹೊಂಟದ.” ತಾಟನ್ನು ತಲೆಯ ಮೇಲಿಟ್ಟುಕೊಂಡು, “ಇಲ್ಲಿ ನಾ ಕುಂಡ್ರೂದೇನ್ರಿ?” ಎಂದಳು.

ಚಂದವಿತ್ತೇ? ಇಲ್ಲ. ನನ್ನ ಕಣ್ಣಿಗೆ ಆ ಚೌಕ ಮೂಗಿನ ಮೇಲಿನ ಗುಳ್ಳೆ. ಆದರೆ ಅಕ್ಷರ ಮಾಡುವವರು ಎರಡು ಪ್ರಶ್ನೆ ಕೇಳಿಕೊಳ್ಳಬೇಕು: ಓದಲು ಬರುತ್ತದೆಯೇ, ಬಳಸಲು ಬರುತ್ತದೆಯೇ. ಓದಲು ಬರುತ್ತಿತ್ತು. ಬಳಸುವವಳು ಎದುರಿಗೇ ತಾಟು ಹಿಡಿದು ನಿಂತಿದ್ದಳು. “ಹೌದವ್ವ, ಇಲ್ಲೇ,” ಎಂದೆ. ಶರಣಮ್ಮ ಟೀಚರ್ ಸುಣ್ಣದ ಬುಟ್ಟಿ ತಂದು ಮೈದಾನದಲ್ಲಿ ಒಂದು ಮನೆ ಹೆಚ್ಚು ಹಾಕಿದರು.

ವಾರ್ಷಿಕೋತ್ಸವದ ದಿನ ಒಂದು ಮಗುವೂ ತಪ್ಪಿಸಿರಲಿಲ್ಲ. ಡ್ರೋನ್ ಗುಂಯ್ ಎಂದು ಏರಿತು. ಮೇಲೆ ನೋಡಬೇಡಿರೆಂದು ಎಷ್ಟು ಸಲ ಹೇಳಿದ್ದರೋ, ಏರಿದ ಕೂಡಲೇ ಎಲ್ಲರೂ ಮೇಲೆ ನೋಡಿದರು. ಇದ್ದ ತಾಟೆಲ್ಲ ಒಂದೇ ಏಟಿಗೆ ನೆಲಕ್ಕೆ ಬಿದ್ದವು. ಆ ಸಪ್ಪಳಕ್ಕೆ ಅತಿಥಿಗಳು ಕುರ್ಚಿಯಿಂದ ಎದ್ದರು. ಎರಡನೇ ಸಲವೂ ಅಷ್ಟೇ. ಮೂರನೇ ಸಲ ಶರಣಮ್ಮ ಟೀಚರ್, “ಯಾರು ಮ್ಯಾಲ ನೋಡ್ತೀರಿ ಅವರಿಗೆ ಇವತ್ತು ಶಿರಾ ಇಲ್ಲ!” ಎಂದು ಘೋಷಿಸಿದರು. ಕಮಲಾಪುರ ಅಲುಗಾಡದೆ ಕೂತಿತು.

ಶಿರಾ ತಿಂದು ಮುಗಿಸಿ ಹೆಡ್ ಮಾಸ್ತರರ ಕೋಣೆಯ ಕಂಪ್ಯೂಟರಿನಲ್ಲಿ ಫೋಟೋ ನೋಡಿದೆವು. ಕೆಂಪು ನೆಲ, ಅದರ ಮೇಲೆ ಬೆಳ್ಳಿಯ ಐದು ಅಕ್ಷರ. ಹೆಡ್ ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡರು. ನಾನು ಮಾತ್ರ ನೇರವಾಗಿ ‘ಪು’ವಿನ ಕೊಂಬಿಗೆ ಹೋದೆ. ಅದು ಕೆಳಗಿಳಿದು, ಬಲಕ್ಕೆ ತಿರುಗಿ, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಿತ್ತು. ಬಾಲ ಇರಲಿಲ್ಲ. ಸುಣ್ಣದ ಮನೆ ಇತ್ತು, ಮನೆ ಖಾಲಿ ಇತ್ತು.

ಶರಣಮ್ಮ ಟೀಚರ್ ಬೆರಳಿಟ್ಟು ತಾಟು ಎಣಿಸಿದರು. ನೂರಾ ಮೂವತ್ತೆರಡು. ಅವರ ಮುಖ ಸಣ್ಣದಾಯಿತು. “ಪೋರಿ ಎಲ್ಲಿ ಹೋದ್ಳು? ನಾನೇ ಕುಂಡ್ರಿಸಿ ಬಂದೀನಿ.” ಫೋಟೋವನ್ನು ದೊಡ್ಡದು ಮಾಡಿ ಒಂದೊಂದೇ ಅಕ್ಷರ ಹುಡುಕಿದೆವು. ‘ಕ’ದ ಕೆಳಗಿನ ಸಾಲಿನಲ್ಲಿ ಒಂದು ತಾಟು ಸ್ವಲ್ಪ ವಾಲಿತ್ತು. ಆ ಒಂದು ತಾಟಿನ ಆಚೀಚೆ ನಾಲ್ಕು ಜಡೆಗಳು, ನಾಲ್ಕು ಕೆಂಪು ರಿಬ್ಬನ್ನುಗಳು.

ಕರೆಸಿ ಕೇಳಿದರು. ರೇಣುಕಾ ತನ್ನದೇ ತರಗತಿಯ ಮಾದೇವಿಯ ಕೈ ಹಿಡಿದುಕೊಂಡೇ ಬಂದಳು. “ಅಲ್ಲಿ ಒಬ್ಬಾಕಿಗೇ ಬ್ಯಾಸರಾಗಿತ್ರಿ. ಸುತ್ತ ಎಲ್ಲಾ ದೊಡ್ಡ ಹುಡುಗೂರು ಇದ್ರು. ಎರಡನೇ ಸಲ ತಾಟು ಬಿದ್ದಾಗ ಈಕಿ ಕಡಿ ಓಡಿ ಬಂದ್ನ್ರಿ.”

“ಈಕಿ ಕರ್ದಾಳ್ರಿ ನನಗ,” ಎಂದು ರೇಣುಕಾಳೇ ಮಾದೇವಿಯ ಕಡೆ ತೋರಿಸಿದಳು. ಮಾದೇವಿ, “ನಾ ಕರ್ದಿಲ್ರಿ, ಜಾಗ ಬಿಟ್ಟೀನ್ರಿ ಅಷ್ಟೇ,” ಎಂದಳು.

ಒಂದು ಚೌಕಕ್ಕೆ ಒಂದೇ ಜೀವ ಎನ್ನುವುದು ನನ್ನ ವಿದ್ಯೆಯ ಮೊದಲ ಪಾಠ. ಅರ್ಧ ಚೌಕವಿಲ್ಲ, ಒಂದೂವರೆ ಚೌಕವಿಲ್ಲ. ಅದನ್ನು ಇವರಿಗೆ ಯಾರು ಹೇಳಬೇಕು? ನಾನು ಶರಣಮ್ಮ ಟೀಚರನ್ನು ನೋಡಿದೆ. ಅವರು ನಗುತ್ತಿದ್ದರು.

“ಏನ್ರಿ ಅಕ್ಕಾರ, ಖುಷಿ ಆಯ್ತೇನು? ನಿಮ್ಮ ಅಕ್ಷರ ನಿಮಗ ಹ್ಯಾಂಗ ಬೇಕಾಗಿತ್ತೋ ಹಂಗೇ ಬಂತು.”

ಬಂದಿತ್ತು. ಒಂದು ಚೌಕ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ವಾರಗಟ್ಟಲೆ ಆಸೆಪಟ್ಟ ಆ ಶುದ್ಧ ಕೊಂಬು ಕಣ್ಣೆದುರು ಹೊಳೆಯುತ್ತಿತ್ತು. ನನ್ನ ಕಣ್ಣು ಮಾತ್ರ ಅದರ ತುದಿಯ ಖಾಲಿ ಮನೆಯನ್ನು ಬಿಟ್ಟು ಸರಿಯಲೊಲ್ಲದು.

“ಮತ್ತೊಮ್ಮೆ ತೆಗೆಸೋಣೇನ್ರಿ ಫೋಟೋ?” ಎಂದೆ.

“ಯಾಕ್ರಿ? ಜಾಗ ಕೊಟ್ಟೀವಿ. ಕುಂಡ್ರೂದು ಬಿಡೂದು ಆಕಿ ಮರ್ಜಿ.”

ಆ ಫೋಟೋ ಈಗ ಶಾಲೆಯ ಗೋಡೆಯ ಮೇಲಿದೆ. ರಸ್ತೆ ಮುಂದೆ ಹೋಯಿತು, ರೇಣುಕಾಳ ಮನೆಯವರೂ ಹೋದರು. ಈಗ ಎಷ್ಟನೇ ಶಾಲೆಯೋ. ನಾನು ಊರಿಗೆ ಬಂದು ಒಂದು ವಾರ ಫರ್ಸಿಯನ್ನು ಬಿಡುಗಡೆ ಮಾಡದೆ ಕೂತೆ. ಆಮೇಲೆ ಎಲ್ಲ ಕೊಂಬುಗಳ ತುದಿಗೂ ಆ ಒಂದು ಚೌಕ ಇಟ್ಟು, ಫರ್ಸಿಯನ್ನು ಎಲ್ಲರಿಗೂ ಬಿಟ್ಟೆ. ‘ಕಮಲಾಪುರ’ದಲ್ಲಿ ಅದಿದೆ, ‘ಕಲಬುರಗಿ’ಯಲ್ಲಿದೆ. ಎಲ್ಲೋ ಯಾರೋ ಮದುವೆಯ ಕಾರ್ಡಿಗೆ ‘ಶುಭ’ ಎಂದು ಒತ್ತಿದರೆ ಅಲ್ಲಿಯೂ ಬಾಲ ಎತ್ತಿಕೊಂಡು ಬರುತ್ತದೆ. ಅಕ್ಷರ ಬಲ್ಲವರೊಬ್ಬರು ಮೈಸೂರಿನಿಂದ ಬಹಳ ವಿನಯದಿಂದ ಬರೆದಿದ್ದರು: ಅಕ್ಷರ ಚೆನ್ನಾಗಿದೆ, ಕೊಂಬಿನ ತುದಿಯಲ್ಲಿ ಒಂದು ಚೌಕ ಕಣ್ತಪ್ಪಿ ಉಳಿದಂತಿದೆ, ಹೇಳಿದರೆ ನಾನೇ ತೆಗೆದು ಕೊಡುತ್ತೇನೆ.

ಅವರಿಗೆ ಕೂಡಲೇ ಉತ್ತರ ಬರೆದೆ. ದಯವಿಟ್ಟು ತೆಗೆಯಬೇಡಿ, ಅದು ಒಬ್ಬಾಕೆಯ ಜಾಗ, ಸದ್ಯ ಗೆಳತಿಯ ಹತ್ತಿರ ಹೋಗಿದ್ದಾಳೆ.